ಸಿಯಾಟಲ್‌ನ ಸೆಂಟ್ರಲ್ ಡಿಸ್ಟ್ರಿಕ್ಟ್: ತೆರಿಗೆ ಕ್ರೆಡಿಟ್‌ನ ಮನೆಗಳು ಹಳೆಯ ಜನರನ್ನು ಉಳಿಸುತ್ತಿವೆಯೇ?

ಪ್ರಶ್ನೆ: ತುಂಗಾತೀರ, ಸಿಯಾಟಲ್

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಸಿಯಾಟಲ್‌ನ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ ಬಾಡಿಗೆಗಿದ್ದೇವೆ. ಇದು ಹಲವು ದಶಕಗಳ ಕಾಲ ಈ ನಗರದ ಆಫ್ರಿಕನ್ ಅಮೆರಿಕನ್ನರ ನೆಲೆಯಾಗಿದ್ದ ಬಡಾವಣೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, 23ನೇ ಅವೆನ್ಯೂ ಮತ್ತು ಯೂನಿಯನ್ ರಸ್ತೆ ಕೂಡುವ ಆಸುಪಾಸಿನಲ್ಲಿ, ಕಡಿಮೆ ಆದಾಯದವರಿಗೆಂದೇ ಕಟ್ಟಿದ ಎರಡು ದೊಡ್ಡ ಕಟ್ಟಡಗಳಿವೆ. ಒಂದು 2019ರಲ್ಲಿ ತೆರೆದ, 115 ಮನೆಗಳ ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್; ಇನ್ನೊಂದು 2024ರಲ್ಲಿ ತೆರೆದ, 126 ಮನೆಗಳ ಆಫ್ರಿಕಾಟೌನ್ ಪ್ಲಾಜಾ. ಅದೇ ಸುತ್ತಿನಲ್ಲಿ ಮಾರುಕಟ್ಟೆ ದರದ ಬಾಡಿಗೆಯ ಹೊಸ ಕಟ್ಟಡಗಳೂ ಎದ್ದಿವೆ. ನಮ್ಮಂಥವರು ಬಂದು ಸೇರುವುದು ಅಲ್ಲಿಗೆ.

ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದ ಹಿರಿಯ ಮಹಿಳೆಯೊಬ್ಬರು ಇದ್ದಾರೆ. ಅವರ ಮಕ್ಕಳು ಬಾಡಿಗೆ ಭರಿಸಲಾಗದೆ ದಕ್ಷಿಣಕ್ಕೆ, ಕೆಂಟ್ ಕಡೆಗೆ ಹೋಗಿ ನೆಲೆಸಿದ್ದಾರೆ. ಈ ಹೊಸ ಕಟ್ಟಡಗಳ ಬಗ್ಗೆ ಮಾತು ಬಂದಾಗ ಅವರು, ಮನೆಗಳು ಬಂದದ್ದೇನೋ ಸಂತೋಷವೇ, ಆದರೆ ಅವು ಬರುವ ಹೊತ್ತಿಗೆ ಇರಬೇಕಾದವರು ಹೊರಟುಹೋಗಿದ್ದರು ಎಂದರು. ಅದೇ ವಾರ ನಮ್ಮ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಇದಕ್ಕೆ ತದ್ವಿರುದ್ಧವಾದ ಮಾತನ್ನಾಡಿದರು: ಇಂಥ ಸರ್ಕಾರಿ ನೆರವಿನ ಕಟ್ಟಡಗಳು ಬಂದ ಮೇಲೆಯೇ ಬಡಾವಣೆಗೆ ಹೊಸ ಹಣ ಹರಿದುಬಂದು ಹಳಬರು ಜಾಗ ಬಿಡಬೇಕಾಗುತ್ತದೆ ಎಂದು.

ಈ ಮನೆಗಳಿಗೆ ತೆರಿಗೆ ಕ್ರೆಡಿಟ್‌ನಿಂದ ಹಣ ಬರುತ್ತದೆ ಎಂದಷ್ಟೇ ನನಗೆ ಗೊತ್ತು. ಬರುವ ಬಗೆ ಹೇಗೆ, ಬಾಡಿಗೆಯನ್ನು ಯಾರು ನಿಗದಿ ಮಾಡುತ್ತಾರೆ ಎಂಬುದನ್ನು ತಿಳಿದವರು ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಬಡಾವಣೆಯ ಜನಸಂಖ್ಯೆ ಬದಲಾಗಿರುವುದರಲ್ಲಿ ಈ ಮನೆಗಳ ಪಾತ್ರವೇನು, ನಮ್ಮಂಥ ಸಂಬಳದಾರರ ಪಾತ್ರವೇನು ಎಂದು ತಿಳಿಯುವ ಆಸೆಯಿದೆ.

ಉತ್ತರ: ಲೆಕ್ಕದ ಮನುಷ್ಯ, ಟಕೋಮಾ

ಇಂಥ ಮನೆಗಳನ್ನು ಕಟ್ಟುವ ಲಾಭರಹಿತ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಹಣದ ಭಾಗವನ್ನು ಹೇಳುತ್ತೇನೆ.

1986ರ ತೆರಿಗೆ ಸುಧಾರಣಾ ಕಾಯ್ದೆಗೆ ಅಧ್ಯಕ್ಷ ರೇಗನ್ ಸಹಿ ಹಾಕಿದಾಗ ಕಡಿಮೆ ಆದಾಯದವರ ಮನೆ ಕಟ್ಟಲು ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ, ಕೊಡುವ 42ನೇ ಸೆಕ್ಷನ್ ಆದಾಯ ತೆರಿಗೆ ಸಂಹಿತೆಗೆ ಸೇರಿತು. ಈ ಕಸುಬಿನಲ್ಲಿರುವವರು ಇದನ್ನು ಲೈಟೆಕ್ ಎನ್ನುತ್ತಾರೆ. ಇಂದು ಅಮೆರಿಕದಲ್ಲಿ ಕಡಿಮೆ ಆದಾಯದವರಿಗಾಗಿ ಹೊಸದಾಗಿ ಕಟ್ಟುವ ಬಾಡಿಗೆ ಮನೆಗಳಿಗೆ ಇದೇ ಮುಖ್ಯ ಆಧಾರ. ಆರಂಭವಾದಂದಿನಿಂದ 35 ಲಕ್ಷಕ್ಕೂ ಹೆಚ್ಚು ಮನೆಗಳು ಇದರ ನೆರವಿನಿಂದ ಎದ್ದಿವೆ ಅಥವಾ ದುರಸ್ತಿಯಾಗಿವೆ. ಇಲ್ಲಿ ಸರ್ಕಾರ ತಾನೇ ಮನೆ ಕಟ್ಟುವುದಿಲ್ಲ, ಕಟ್ಟುವವರ ಕೈಗೆ ನೇರವಾಗಿ ಹಣವನ್ನೂ ಕೊಡುವುದಿಲ್ಲ. ಪ್ರತಿ ರಾಜ್ಯಕ್ಕೂ ಜನಸಂಖ್ಯೆಗೆ ಅನುಗುಣವಾಗಿ ಇಷ್ಟು ಎಂದು ಕ್ರೆಡಿಟ್ ಸಿಗುತ್ತದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಅದನ್ನು ಹಂಚುವುದು ರಾಜ್ಯದ ವಸತಿ ಹಣಕಾಸು ಆಯೋಗ. ಯೋಜನೆಗಳು ಅಂಕಗಳಿಗಾಗಿ ಪೈಪೋಟಿ ನಡೆಸುತ್ತವೆ. ಗೆದ್ದವರು ತಮಗೆ ಸಿಕ್ಕ ಕ್ರೆಡಿಟ್ಟನ್ನು ದೊಡ್ಡ ತೆರಿಗೆ ಕಟ್ಟಬೇಕಾದ ಬ್ಯಾಂಕುಗಳಿಗೆ ಮಾರಿ, ಬಂದ ಹಣದಿಂದ ಕಟ್ಟಡ ಕಟ್ಟುತ್ತಾರೆ.

ಒಂದು ಲೆಕ್ಕ ನೋಡಿ. ನೂರು ಮನೆಗಳ ಕಟ್ಟಡಕ್ಕೆ ಕ್ರೆಡಿಟ್‌ಗೆ ಅರ್ಹವಾದ ವೆಚ್ಚ 3 ಕೋಟಿ ಡಾಲರ್ ಎಂದಿಟ್ಟುಕೊಳ್ಳಿ. ಪೈಪೋಟಿಯಲ್ಲಿ ಸಿಗುವ 9 ಶೇಕಡಾ ಕ್ರೆಡಿಟ್ ದೊರೆತರೆ ವರ್ಷಕ್ಕೆ 27 ಲಕ್ಷದಂತೆ ಹತ್ತು ವರ್ಷಗಳಲ್ಲಿ 2 ಕೋಟಿ 70 ಲಕ್ಷ ಡಾಲರ್ ತೆರಿಗೆ ವಿನಾಯಿತಿಯಾಗುತ್ತದೆ. ಬ್ಯಾಂಕು ಡಾಲರಿಗೆ 90 ಸೆಂಟ್‌ನಂತೆ ಕೊಂಡರೆ ಕಟ್ಟಡಕ್ಕೆ 2 ಕೋಟಿ 43 ಲಕ್ಷ ಬರುತ್ತದೆ, ಸಾಲ ಬಹಳ ಕಡಿಮೆ ಸಾಕು. ತೆರಿಗೆಮುಕ್ತ ಬಾಂಡ್‌ಗಳ ಜೊತೆಗೆ ಬರುವ 4 ಶೇಕಡಾ ಕ್ರೆಡಿಟ್ ಆದರೆ ಇದರ ಅರ್ಧಕ್ಕೂ ಕಡಿಮೆ. ಉಳಿದದ್ದನ್ನು ಸಾಲ ಮತ್ತು ನಗರದ ನಿಧಿಯಿಂದ ಹೊಂದಿಸಬೇಕು. ಸಿಯಾಟಲ್ ಮತದಾರರು 2023ರ ನವೆಂಬರಿನಲ್ಲಿ ಏಳು ವರ್ಷಗಳಿಗೆ 97 ಕೋಟಿ ಡಾಲರಿನ ವಸತಿ ಲೆವಿಯನ್ನು, ಅಂದರೆ ವಸತಿಗೆಂದೇ ಎತ್ತುವ ಆಸ್ತಿ ತೆರಿಗೆಯನ್ನು, ಒಪ್ಪಿದ್ದು ಮುಖ್ಯವಾಗಿ ಇಂಥ ಕೊರತೆಯನ್ನು ತುಂಬುವುದಕ್ಕಾಗಿ.

ಕಾಗದದ ಮೇಲೆ ಕಟ್ಟಡದ ಬಹುತೇಕ ಪೂರ್ತಿ ಪಾಲು, ಸಾಮಾನ್ಯವಾಗಿ 99.99 ಶೇಕಡಾ, ಹಣ ಹೂಡಿದ ಬ್ಯಾಂಕಿನದಾಗಿರುತ್ತದೆ. ನಡೆಸುವವರು ನಾವು. ಆದ್ದರಿಂದ ಕಾರ್ಪೊರೇಟ್ ತೆರಿಗೆಯ ದರ ಬದಲಾದರೆ ಬಡವರ ಮನೆಯ ಲೆಕ್ಕವೂ ಏರುಪೇರಾಗುತ್ತದೆ. 2016ರ ಚುನಾವಣೆಯ ನಂತರ ತೆರಿಗೆ ಇಳಿಯಲಿದೆ ಎಂಬ ನಿರೀಕ್ಷೆ ಹುಟ್ಟಿದ ಕೂಡಲೇ, ದರ 35ರಿಂದ 21 ಶೇಕಡಾಕ್ಕೆ ಇಳಿಯುವುದಕ್ಕೆ ವರ್ಷದ ಮೊದಲೇ, ಕ್ರೆಡಿಟ್‌ನ ಬೆಲೆ ಕುಸಿದು ದೇಶದಾದ್ಯಂತ ಅನೇಕ ಯೋಜನೆಗಳು ನಡುದಾರಿಯಲ್ಲಿ ನಿಂತವು. ಇಷ್ಟು ಮುಖ್ಯವಾದ ಕೆಲಸವನ್ನು ಇಷ್ಟು ಸುತ್ತುಬಳಸಿನ ದಾರಿಗೆ ಒಪ್ಪಿಸಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಸದ್ಯ ಇರುವ ದಾರಿ ಇದೊಂದೇ.

ಉತ್ತರ: ಬಯಲುಸೀಮೆ, ಪೋರ್ಟ್‌ಲ್ಯಾಂಡ್

ನಾನು ನಗರ ಯೋಜನೆ ಓದಿದವನು. ತಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೆಂಟ್ರಲ್ ಡಿಸ್ಟ್ರಿಕ್ಟ್ ಕಪ್ಪು ಜನರ ಬಡಾವಣೆಯಾದದ್ದು ಅವರ ಆಯ್ಕೆಯಿಂದಷ್ಟೇ ಅಲ್ಲ. ನಗರದ ಅನೇಕ ಕಡೆ ಮನೆಯ ಕ್ರಯಪತ್ರಗಳಲ್ಲೇ ಇಂಥ ಜನಾಂಗದವರಿಗೆ ಮಾರತಕ್ಕದ್ದಲ್ಲ ಎಂಬ ಷರತ್ತು ಇರುತ್ತಿತ್ತು. 1930ರ ದಶಕದಲ್ಲಿ ಸಾಲದ ಅಪಾಯವನ್ನು ಗುರುತಿಸಲು ಕೇಂದ್ರ ಸಂಸ್ಥೆಯೊಂದು ಬರೆಸಿದ ನಕ್ಷೆಯಲ್ಲಿ ಈ ಪ್ರದೇಶಕ್ಕೆ ಕೆಂಪು ಬಣ್ಣ ಬಿತ್ತು. ಅಂದರೆ ಇಲ್ಲಿ ಮನೆ ಕೊಳ್ಳಲು, ಇದ್ದ ಮನೆಯನ್ನು ರಿಪೇರಿ ಮಾಡಿಸಲು ಬ್ಯಾಂಕಿನ ಬಾಗಿಲು ಮುಚ್ಚಿತು. ಮನೆ ಕೊಡುವಾಗ ಜನಾಂಗ ನೋಡಬಾರದು ಎಂಬ ನಗರದ ಕಾನೂನನ್ನು 1964ರಲ್ಲಿ ಸಿಯಾಟಲ್‌ನ ಮತದಾರರು ಭಾರಿ ಬಹುಮತದಿಂದ ತಿರಸ್ಕರಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಕೆಲವೇ ವಾರಗಳಲ್ಲಿ, 1968ರ ಏಪ್ರಿಲಿನಲ್ಲಿ, ನಗರಸಭೆ ಅದನ್ನು ಜಾರಿಗೆ ತಂದಿತು. ತಾವು ಹೇಳಿದ ಕಟ್ಟಡಕ್ಕೆ ಹೆಸರು ಕೊಟ್ಟ ಲಿಬರ್ಟಿ ಬ್ಯಾಂಕ್ ತೆರೆದದ್ದೂ ಅದೇ ವರ್ಷ. ಬೇರೆ ಬ್ಯಾಂಕುಗಳು ಸಾಲ ಕೊಡದ ಬಡಾವಣೆಯಲ್ಲಿ ಅಲ್ಲಿಯವರೇ ಸೇರಿ ಕಟ್ಟಿದ ಬ್ಯಾಂಕ್ ಅದು, 1988ರಲ್ಲಿ ಮುಚ್ಚಿತು.

1970ರ ಸುಮಾರಿಗೆ ಇಲ್ಲಿಯ ನಿವಾಸಿಗಳಲ್ಲಿ 70 ಶೇಕಡಾಕ್ಕೂ ಹೆಚ್ಚು ಜನ ಆಫ್ರಿಕನ್ ಅಮೆರಿಕನ್ನರಾಗಿದ್ದರು. ಕಳೆದ ದಶಕದ ಹೊತ್ತಿಗೆ ಆ ಪ್ರಮಾಣ ಐದರಲ್ಲಿ ಒಂದಕ್ಕಿಂತ ಕೆಳಗೆ ಇಳಿದಿತ್ತು. ಈ ಇಳಿತದ ಬಹುಪಾಲು ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್‌ನ ಪಾಯ ತೋಡುವ ಮೊದಲೇ ಆಗಿಹೋಗಿತ್ತು. 2010ರಿಂದ 2020ರ ನಡುವೆ ಸಿಯಾಟಲ್ ನಗರದ ಜನಸಂಖ್ಯೆ 6 ಲಕ್ಷ 8 ಸಾವಿರದಿಂದ 7 ಲಕ್ಷ 37 ಸಾವಿರಕ್ಕೆ ಏರಿತು. ಅಮೆಜಾನ್ ಕಂಪನಿ ಡೌನ್‌ಟೌನ್ ಪಕ್ಕದ ಸೌತ್ ಲೇಕ್ ಯೂನಿಯನ್‌ನಲ್ಲಿ ಬೆಳೆದದ್ದು ಅದೇ ಅವಧಿಯಲ್ಲಿ. ಡೌನ್‌ಟೌನ್‌ಗೆ ಹತ್ತಿರವಿದ್ದೂ ಅಗ್ಗವಾಗಿದ್ದ ಬಡಾವಣೆ ಎಂದರೆ ಇದೇ, ಮತ್ತು ಅಗ್ಗವಾಗಿದ್ದುದಕ್ಕೆ ಕಾರಣ ಆ ಕೆಂಪು ನಕ್ಷೆ. ಆದ್ದರಿಂದ ತಮ್ಮ ಹಿರಿಯ ನೆರೆಯವರ ಮಾತು ಕಾಲಾನುಕ್ರಮದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಹಾಗೆಂದು ತಮ್ಮ ಸಹೋದ್ಯೋಗಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್‌ಕ್ವೇಡ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಬಡಾವಣೆಯಲ್ಲಿ ತೆರಿಗೆ ಕ್ರೆಡಿಟ್‌ನ ಕಟ್ಟಡ ಎದ್ದರೆ ತೀರಾ ಸಮೀಪದ ಮನೆಗಳ ಬೆಲೆ 6.5 ಶೇಕಡಾ ಏರುತ್ತದೆ, ಅಪರಾಧ ಕಡಿಮೆಯಾಗುತ್ತದೆ, ಬೇರೆ ಬೇರೆ ಜನಾಂಗ ಮತ್ತು ಆದಾಯದವರು ಬಂದು ನೆಲೆಸುತ್ತಾರೆ. ಸ್ಥಿತಿವಂತರ ಬಡಾವಣೆಯಲ್ಲಿ ಬೆಲೆ 2.5 ಶೇಕಡಾ ಇಳಿಯುತ್ತದೆ. ಅಂದರೆ ಈ ಕಟ್ಟಡಗಳಿಂದ ಸುತ್ತಲಿನ ಜನಸಂಖ್ಯೆಯ ಮೇಲೆ ಪರಿಣಾಮವಾಗುವುದು ನಿಜ. ಆದರೆ ಆ 6.5 ಶೇಕಡಾವನ್ನು ಇಡೀ ನಗರದ ಬೆಲೆಗಳನ್ನು ಏರಿಸಿದ ಉದ್ಯೋಗದ ಅಲೆಯ ಪಕ್ಕದಲ್ಲಿಟ್ಟು ನೋಡಬೇಕು. ಅದರ ಎದುರು ಇದು ಬಹಳ ಸಣ್ಣದು.

ಇನ್ನೊಂದು ವಿಷಯ. ಹೊರದೂಡಲ್ಪಟ್ಟವರು ಕಪ್ಪು ಜನರೆಂದು ಹೊಸ ಮನೆಗಳನ್ನು ಅವರಿಗಷ್ಟೇ ಮೀಸಲಿಡಲು ನ್ಯಾಯಸಮ್ಮತ ವಸತಿ ಕಾಯ್ದೆ ಬಿಡುವುದಿಲ್ಲ. ಅದಕ್ಕಾಗಿ ಸಿಯಾಟಲ್ 2019ರಲ್ಲಿ ಸಮುದಾಯ ಆದ್ಯತೆ ಎಂಬ ಕ್ರಮವನ್ನು ತಂದಿತು. ಜನರು ಹೆಚ್ಚಾಗಿ ಜಾಗ ಬಿಡಬೇಕಾಗಿ ಬಂದಿರುವ ಬಡಾವಣೆಗಳಲ್ಲಿ, ಅಲ್ಲಿ ಈಗ ಇರುವವರಿಗೆ, ಹಿಂದೆ ಇದ್ದವರಿಗೆ, ಅವರ ಮಕ್ಕಳಿಗೆ ಕಟ್ಟಡದ ಕೆಲವು ಮನೆಗಳಲ್ಲಿ ಆದ್ಯತೆ ಕೊಡಬಹುದು. ಇಲ್ಲಿ ಜನಾಂಗವನ್ನು ಕೇಳುವುದಿಲ್ಲ, ಊರಿನ ನಂಟನ್ನು ಕೇಳುತ್ತಾರೆ. ಕೆಂಟ್‌ನಲ್ಲಿರುವ ಆ ಮಕ್ಕಳು ತಾಯಿಯ ವಿಳಾಸವನ್ನು ಆಧಾರವಾಗಿ ತೋರಿಸಿ ಅರ್ಜಿ ಹಾಕುವ ಅವಕಾಶ ಇರಬಹುದೆಂದು ತಾವು ಅವರಿಗೆ ತಿಳಿಸಿದರೆ ಒಳ್ಳೆಯದು.

ಉತ್ತರ: ಹೇಮಾವತಿ, ಕಿಂಗ್ ಕೌಂಟಿ

ನಾನು ಶಿಶುವಿಹಾರವೊಂದರಲ್ಲಿ ಶಿಕ್ಷಕಿ. ಮಗನೊಂದಿಗೆ ಇಂಥದ್ದೇ ಒಂದು ಕಟ್ಟಡದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಊರು, ಕಟ್ಟಡದ ಹೆಸರು ಬೇಡ. ಮೇಲಿನ ಇಬ್ಬರೂ ಹೇಳದ ಒಂದು ಸಂಗತಿ ಇದೆ, ಮತ್ತು ತುಂಗಾತೀರ ಅವರ ಕೊನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಈ ಮನೆಗಳ ಬಾಡಿಗೆ ನನ್ನ ಸಂಬಳಕ್ಕೆ ತಕ್ಕಂತೆ ಇರುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಬಾಡಿಗೆಗೆ ಸರ್ಕಾರ ಕೊಡುವ ನೆರವಿನ ವೋಚರ್ ಇದ್ದವರಿಗೆ, ಸಾರ್ವಜನಿಕ ವಸತಿಯಲ್ಲಿ ಇರುವವರಿಗೆ ಅದು ಹಾಗೆ. ತೆರಿಗೆ ಕ್ರೆಡಿಟ್‌ನ ಮನೆಯಲ್ಲಿ ಹಾಗಲ್ಲ. ಇಲ್ಲಿ ಬಾಡಿಗೆಯ ಗರಿಷ್ಠ ಮಿತಿಯನ್ನು ಕಟ್ಟುವುದು ಪ್ರದೇಶದ ನಡುಮಟ್ಟದ ಆದಾಯದ ಮೇಲೆ. ಎಲ್ಲರೂ ಎಎಂಐ ಎನ್ನುವುದು ಇದನ್ನೇ. ಅದನ್ನು ಪ್ರತಿ ವರ್ಷ ಕೇಂದ್ರದ ವಸತಿ ಇಲಾಖೆ ಪ್ರಕಟಿಸುತ್ತದೆ. ನಮ್ಮ ಭಾಗದಲ್ಲಿ ಕಿಂಗ್ ಮತ್ತು ಸ್ನೋಹೋಮಿಶ್ ಕೌಂಟಿಗಳಿಗೆ ಸೇರಿ ಒಂದೇ ಅಂಕಿ. 60 ಶೇಕಡಾ ಎಂದು ಗುರುತಾದ ಮನೆಯಾದರೆ, ಆ ಆದಾಯದ 60 ಶೇಕಡಾ ಗಳಿಸುವ ಕುಟುಂಬ ಒಂದಿದೆ ಎಂದು ಭಾವಿಸಿ, ಅದರ ಸಂಪಾದನೆಯ 30 ಶೇಕಡಾವನ್ನು ಬಾಡಿಗೆಯ ಮಿತಿ ಎನ್ನುತ್ತಾರೆ. ಆ ಮನೆಯಲ್ಲಿ ನಿಜವಾಗಿ ಇರುವವರ ಸಂಬಳ ಎಷ್ಟೆಂಬುದು ಲೆಕ್ಕಕ್ಕೆ ಬರುವುದಿಲ್ಲ.

ನಾಲ್ಕು ಜನರ ಕುಟುಂಬಕ್ಕೆ ಇಲ್ಲಿಯ ಎಎಂಐ 2016ರಲ್ಲಿ ಸುಮಾರು 90 ಸಾವಿರ ಡಾಲರ್ ಇತ್ತು. 2024ಕ್ಕೆ ಅದು 1 ಲಕ್ಷ 47 ಸಾವಿರದ ಆಸುಪಾಸಿಗೆ ಬಂತು. ಅದಕ್ಕೆ ಸರಿಯಾಗಿ, 60 ಶೇಕಡಾ ಮಟ್ಟದ ಸ್ಟುಡಿಯೋಗೆ, ಅಂದರೆ ಬೇರೆ ಮಲಗುವ ಕೋಣೆಯಿಲ್ಲದ ಒಂಟಿ ಕೋಣೆಯ ಮನೆಗೆ, ಕೇಳಬಹುದಾದ ಗರಿಷ್ಠ ಬಾಡಿಗೆ ತಿಂಗಳಿಗೆ ಸುಮಾರು 950 ಡಾಲರಿನಿಂದ 1,580ರ ಸಮೀಪಕ್ಕೆ ಏರಿತು. ಈ ಪ್ರದೇಶದ ನಡುಮಟ್ಟದ ಆದಾಯ ಹೆಚ್ಚಿದ್ದು ಇಲ್ಲಿಯ ಬಡವರ ಸಂಬಳ ಹೆಚ್ಚಿದ್ದರಿಂದಷ್ಟೇ ಅಲ್ಲ. ಮುಖ್ಯವಾಗಿ ಹೆಚ್ಚು ಸಂಬಳದವರು ಬಹಳ ಜನ ಬಂದು ನೆಲೆಸಿದ್ದರಿಂದ. ನಾನು ಯಾರನ್ನೂ ದೂರುತ್ತಿಲ್ಲ. ನಮ್ಮ ಕನ್ನಡದ ಹುಡುಗರು ಹುಡುಗಿಯರು ಕಷ್ಟಪಟ್ಟು ಓದಿ, ವೀಸಾದ ಚಿಂತೆ ಹೊತ್ತು ಬಂದವರು. ಆದರೆ ಅವರು ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿರಲಿ, ರೆಡ್ಮಂಡ್‌ನಲ್ಲಿರಲಿ, ಬಾಥೆಲ್‌ನಲ್ಲಿರಲಿ, ಅವರ ಸಂಬಳ ಈ ಲೆಕ್ಕದೊಳಗೆ ಸೇರಿಯೇ ಸೇರುತ್ತದೆ, ಮತ್ತು ನನ್ನ ಬಾಡಿಗೆಯ ಮಿತಿಯನ್ನು ಮೇಲೆತ್ತುತ್ತದೆ.

ವಸಂತಕಾಲದಲ್ಲಿ ಹೊಸ ಅಂಕಿ ಪ್ರಕಟವಾದ ಕೆಲವು ವಾರಗಳಿಗೆ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಒಂದೇ ಹಾಳೆ: ಹಳೆಯ ಬಾಡಿಗೆ, ಹೊಸ ಬಾಡಿಗೆ, ಯಾವ ತಿಂಗಳಿಂದ ಜಾರಿ ಎಂಬುದು. ಅದೇ ಋತುವಿನಲ್ಲಿ ಆದಾಯದ ಮರುಪರಿಶೀಲನೆಗೆ ಸಂಬಳದ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಮಗನ ತಂದೆಯಿಂದ ಬರುವ ಹಣದ ವಿವರ, ಎಲ್ಲವನ್ನೂ ಜೋಡಿಸಿ ಕೊಡಬೇಕು. ಒಂದು ವರ್ಷ ನನ್ನ ಗಂಟೆಯ ಸಂಬಳ ಒಂದು ಸೆಂಟೂ ಏರಿರಲಿಲ್ಲ. ಅದನ್ನು ತೋರಿಸುವ ಚೀಟಿಗಳನ್ನೂ ಬಾಡಿಗೆ ಏರಿಸುವ ಹಾಳೆಯನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟುಕೊಂಡು ಕುಳಿತೆ. ಅವೆರಡೂ ಒಂದೇ ಕಚೇರಿಯ ಫೈಲಿಗೆ ಸೇರುವ ಕಾಗದಗಳು. ನಮ್ಮ ಮಹಡಿಯಲ್ಲಿ ಇಬ್ಬರು ಮನೆ ಬಿಟ್ಟರು. ಅವರಲ್ಲಿ ಒಬ್ಬರು ಆ ಬಡಾವಣೆಯಲ್ಲೇ ಹುಟ್ಟಿದವರು.

ಹೊಸದಾಗಿ ಬರುವ ವಿದ್ಯಾರ್ಥಿಗಳು ಈ ಮನೆಗಳ ಬಗ್ಗೆ ಕೇಳುತ್ತಿರುತ್ತಾರೆ, ಅವರಿಗಾಗಿ ಒಂದು ಮಾತು: ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಇಲ್ಲಿ ಮನೆ ಸಿಗುವುದಿಲ್ಲ.

ಪ್ರತಿಕ್ರಿಯೆ: ಮಲಪ್ರಭಾ, ಡಲ್ಲಾಸ್

ಹೇಮಾವತಿ ಅವರು ಬರೆದದ್ದನ್ನು ಓದಿ ಮನಸ್ಸಿಗೆ ನೋವಾಯಿತು. ಆದರೂ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಹಳೆಯ ಬಡಾವಣೆಯಲ್ಲೇ ಇಂಥ ಕಟ್ಟಡಗಳನ್ನು ಕಟ್ಟಬೇಕೆಂಬ ಹಟ ಎಲ್ಲೆಡೆ ಹಿತಕರವಲ್ಲ. ಬಡತನ ಹೆಚ್ಚಿರುವ ಪ್ರದೇಶವೆಂದು ಗುರುತಿಸಿದಲ್ಲಿ ಕಟ್ಟಿದರೆ ಅರ್ಹ ವೆಚ್ಚದ ಲೆಕ್ಕವನ್ನು 30 ಶೇಕಡಾ ಹೆಚ್ಚಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ನಮ್ಮ ಡಲ್ಲಾಸ್‌ನಲ್ಲಿ ಕ್ರೆಡಿಟ್‌ಗಳು ಕಪ್ಪು ಜನರ ಬಡಾವಣೆಗಳಿಗೇ ಹೆಚ್ಚಾಗಿ ಹೋಗಿ, ಬಿಳಿಯರ ಉಪನಗರಗಳಿಗೆ ಹೋಗದಿರುವುದರ ವಿರುದ್ಧ ಇಲ್ಲಿಯ ಲಾಭರಹಿತ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ, ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ತಾರತಮ್ಯವಾದರೆ ಅದನ್ನು ಪ್ರಶ್ನಿಸಬಹುದು ಎಂದು ಹೇಳಿತು. ಒಳ್ಳೆಯ ಶಾಲೆ, ಒಳ್ಳೆಯ ಉದ್ಯಾನ ಇರುವ ಕಡೆಗೂ ಬಡವರು ಹೋಗುವಂತಾಗಬೇಕಲ್ಲವೇ?

ಉತ್ತರ: ಬಯಲುಸೀಮೆ, ಪೋರ್ಟ್‌ಲ್ಯಾಂಡ್

ಮಲಪ್ರಭಾ ಅವರೇ, ತಮ್ಮ ಮಾತು ಡಲ್ಲಾಸ್‌ಗೆ ಪೂರ್ತಿ ಸಲ್ಲುತ್ತದೆ. ಸೆಂಟ್ರಲ್ ಡಿಸ್ಟ್ರಿಕ್ಟ್‌ನ ಸ್ಥಿತಿ ಈಗ ತಲೆಕೆಳಗಾಗಿದೆ. ಒಂದು ಕಾಲಕ್ಕೆ ಬಡವರನ್ನು ಕೂಡಿಹಾಕಿದ್ದ ಆ ಬಡಾವಣೆಯೇ ಇಂದು ಕೆಲಸ, ಬಸ್ಸು, ಆಸ್ಪತ್ರೆಗಳಿಗೆ ಹತ್ತಿರವಿರುವ ದುಬಾರಿ ಬಡಾವಣೆಯಾಗಿದೆ. ಅಲ್ಲಿ ಕಟ್ಟುವ ಪ್ರತಿ ಕಡಿಮೆ ಬಾಡಿಗೆಯ ಮನೆಯೂ ತಾವು ಬಯಸುವ ಒಳ್ಳೆಯ ಜಾಗದಲ್ಲೇ ಕಟ್ಟಿದಂತೆ. ಒಂದೇ ಕ್ರೆಡಿಟ್‌ನ ಪರಿಣಾಮ ಜಾಗದಿಂದ ಜಾಗಕ್ಕೆ ಬೇರೆಯಾಗುವುದರಿಂದ ಇಡೀ ದೇಶಕ್ಕೆ ಒಂದೇ ತೀರ್ಪು ಕೊಡಲು ನಾನು ಹಿಂಜರಿಯುತ್ತೇನೆ.

ಮರುಪ್ರಶ್ನೆ: ತುಂಗಾತೀರ, ಸಿಯಾಟಲ್

ಎಲ್ಲರಿಗೂ ಕೃತಜ್ಞತೆಗಳು. ಹೇಮಾವತಿ ಅಕ್ಕ ಬರೆದ ಬಾಡಿಗೆ ಮಿತಿಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಈ ಮಿತಿ ಏರುವುದನ್ನು ತಡೆಯುವ ಉಪಾಯವೇನಾದರೂ ಇದೆಯೇ? ಹಾಗೂ, ಈ ಕಟ್ಟಡಗಳು ಎಷ್ಟು ಕಾಲ ಹೀಗೆಯೇ ಉಳಿಯುತ್ತವೆ?

ಉತ್ತರ: ಲೆಕ್ಕದ ಮನುಷ್ಯ, ಟಕೋಮಾ

ಹೇಮಾವತಿ ಅವರು ಹೇಳಿದ್ದು ಅಕ್ಷರಶಃ ನಿಜ, ಮತ್ತು ನಮ್ಮ ಕಸುಬಿನವರು ಇದನ್ನು ಬಾಡಿಗೆದಾರರಿಗೆ ಮೊದಲೇ ಬಿಡಿಸಿ ಹೇಳುವುದಿಲ್ಲ. ಆ ಅಂಕಿ ಗರಿಷ್ಠ ಮಿತಿ ಮಾತ್ರ. ಅಷ್ಟೂ ಏರಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ವಿಮೆ, ರಿಪೇರಿ, ಸಿಬ್ಬಂದಿಯ ವೆಚ್ಚ ಏರಿರುವುದರಿಂದ ಅನೇಕ ಮಾಲೀಕರು ಮಿತಿಯ ತುದಿಯವರೆಗೂ ಹೋಗುತ್ತಾರೆ. 2024ರಿಂದ ಆದಾಯ ಮಿತಿ ಒಂದು ವರ್ಷದಲ್ಲಿ 10 ಶೇಕಡಾಕ್ಕಿಂತ ಹೆಚ್ಚು ಏರದಂತೆ ಕೇಂದ್ರ ಇಲಾಖೆ ತಡೆ ಹಾಕಿದೆ. ಸಂಬಳವೇ ಏರದವರಿಗೆ 10 ಶೇಕಡಾ ಕೂಡ ಬಹಳ ಹೆಚ್ಚು.

ನಿಜವಾದ ಉಪಾಯ ಕಟ್ಟಡ ಎದ್ದ ಮೇಲೆ ಅಲ್ಲ, ಕ್ರೆಡಿಟ್ ಹಂಚುವ ಮೊದಲೇ ಇದೆ. 60 ಶೇಕಡಾ ಬದಲು 30, 40, 50 ಶೇಕಡಾ ಮಟ್ಟದ ಮನೆಗಳನ್ನು ಹೆಚ್ಚು ಇಡುವ ಯೋಜನೆಗೆ ಹೆಚ್ಚು ಅಂಕ ಕೊಡುವುದು, ಅದಕ್ಕೆ ಬೇಕಾದ ನಗರದ ನಿಧಿಯನ್ನು ಜೋಡಿಸುವುದು, ಇವು ರಾಜ್ಯದ ಆಯೋಗ ಮತ್ತು ನಗರಸಭೆಯ ಕೈಯಲ್ಲಿವೆ. ಅಂಕಗಳನ್ನು ಹೇಗೆ ಕೊಡಬೇಕೆಂಬ ನಿಯಮಾವಳಿಯನ್ನು ರಾಜ್ಯಗಳು ಅಂತಿಮಗೊಳಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಆ ಸಭೆಗಳಿಗೆ ಬರುವವರು ಹೆಚ್ಚಾಗಿ ಬಿಲ್ಡರ್‌ಗಳು, ವಕೀಲರು, ನನ್ನಂಥ ಲೆಕ್ಕದವರು. ತಮ್ಮಂಥ ನೆರೆಹೊರೆಯವರು ಬಂದು, ನಮ್ಮ ಸಂಬಳದಿಂದ ಈ ಮಿತಿ ಏರುತ್ತಿದೆ, ಆದ್ದರಿಂದ ಕೆಳಮಟ್ಟದ ಮನೆಗಳ ಪಾಲು ಹೆಚ್ಚಿಸಿ ಎಂದು ಹೇಳಿದರೆ ಅದಕ್ಕೆ ತೂಕವಿರುತ್ತದೆ.

ಎರಡನೆಯ ಪ್ರಶ್ನೆಗೆ: ಬ್ಯಾಂಕು ತೆರಿಗೆ ಕ್ರೆಡಿಟ್ ಪಡೆಯುವುದು ಹತ್ತು ವರ್ಷ, ನಿಯಮ ಮುರಿದರೆ ಕ್ರೆಡಿಟ್ ಹಿಂದಿರುಗಿಸಬೇಕಾದ ಅವಧಿ ಹದಿನೈದು ವರ್ಷ, 1990ರಿಂದ ಈಚಿನ ಕಟ್ಟಡಗಳಿಗೆ ಕಾನೂನಿನ ಪ್ರಕಾರ ಕಡಿಮೆ ಬಾಡಿಗೆಯ ಷರತ್ತು ಕನಿಷ್ಠ ಮೂವತ್ತು ವರ್ಷ. ಆದರೆ ಹದಿನಾಲ್ಕನೆಯ ವರ್ಷ ಮುಗಿದ ಮೇಲೆ ಮಾಲೀಕರು ಕೊಳ್ಳುವವರನ್ನು ಹುಡುಕಿಕೊಡಿ ಎಂದು ರಾಜ್ಯವನ್ನು ಕೇಳಿ, ಒಂದು ವರ್ಷದೊಳಗೆ ಯಾರೂ ಸಿಗದಿದ್ದರೆ ಷರತ್ತಿನಿಂದ ಹೊರಬರುವ ಕಿಂಡಿಯೊಂದು ಕಾನೂನಿನಲ್ಲಿದೆ. ಆ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಮಾತ್ರ ಕ್ರೆಡಿಟ್ ಎಂದು ಅನೇಕ ರಾಜ್ಯಗಳು ಈಗ ಹೇಳುತ್ತಿವೆ. ಸಿಯಾಟಲ್ ನಗರದ ಲೆವಿ ಹಣ ಸೇರಿದ ಕಟ್ಟಡಗಳಿಗೆ ಐವತ್ತು ವರ್ಷದ ಷರತ್ತಿರುವುದು ಈ ದೃಷ್ಟಿಯಿಂದ ದೊಡ್ಡ ಆಸರೆ.

ಹೇಮಾವತಿ ಅವರಿಗೆ ಒಂದು ಮಾತು. ಮಿತಿಯ ಲೆಕ್ಕದಲ್ಲಿ ಬಾಡಿಗೆಯ ಜೊತೆ ತಾವೇ ಕಟ್ಟುವ ವಿದ್ಯುತ್, ನೀರಿನ ಅಂದಾಜು ವೆಚ್ಚವೂ ಸೇರಿರುತ್ತದೆ. ಅದನ್ನು ಕಳೆದು ಉಳಿದದ್ದಷ್ಟನ್ನೇ ಬಾಡಿಗೆಯೆಂದು ಕೇಳಬಹುದು. ತಮ್ಮ ಮನೆ ಯಾವ ಶೇಕಡಾ ಮಟ್ಟದ್ದು, ಈ ವರ್ಷ ಎಷ್ಟು ಕಳೆದಿದ್ದಾರೆ ಎಂಬುದನ್ನು ಮ್ಯಾನೇಜರ್ ಹತ್ತಿರ ಬರಹದಲ್ಲಿ ಕೇಳಿ. ಆದಾಯ ಏರಿದರೆ ಮನೆ ಬಿಡಿಸುತ್ತಾರೆ ಎಂಬ ಭಯವೂ ಬೇಡ: ಒಳಗೆ ಬರುವಾಗ ಅರ್ಹರಾಗಿದ್ದವರನ್ನು ಸಂಬಳ ಹೆಚ್ಚಾಯಿತೆಂದು ಹೊರಹಾಕಬೇಕೆಂದು ಈ ಕಾರ್ಯಕ್ರಮ ಹೇಳುವುದಿಲ್ಲ, ಮಿತಿಯ 140 ಶೇಕಡಾ ದಾಟಿದರೆ ಮುಂದೆ ಖಾಲಿಯಾಗುವ ಸಮಾನ ಅಥವಾ ಚಿಕ್ಕ ಗಾತ್ರದ ಮನೆಯನ್ನು ಅರ್ಹರಿಗೆ ಕೊಡಬೇಕಾದ ಹೊಣೆ ಮಾಲೀಕರದು.

ಉತ್ತರ: ಹೇಮಾವತಿ, ಕಿಂಗ್ ಕೌಂಟಿ

ತುಂಬಾ ಉಪಕಾರವಾಯಿತು ಅಣ್ಣ. ವಿದ್ಯುತ್ ಬಿಲ್ಲು ನನ್ನ ಹೆಸರಿನಲ್ಲೇ ಬರುತ್ತದೆ. ಅದನ್ನು ಕಳೆಯಬೇಕೆಂದು ನಮ್ಮ ಮಹಡಿಯಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಸೋಮವಾರ ಬರೆದು ಕೊಡುತ್ತೇನೆ, ಪಕ್ಕದ ಮನೆಯವರಿಗೂ ಹೇಳುತ್ತೇನೆ. ತುಂಗಾತೀರ ಅವರೇ, ಆಯೋಗದ ಸಭೆಯ ದಿನ ತಿಳಿದರೆ ಇಲ್ಲೇ ಹಾಕಿ, ನಾನೂ ಬರುತ್ತೇನೆ.